ನೂರಕ್ಕೆ ಮೂರು ರೂಪಾಯಿ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಸಾಲದ ಮಾತು ಬಂದರೆ ಯಾರೂ ಶೇಕಡಾ ಎಷ್ಟು ಎಂದು ಕೇಳುವುದಿಲ್ಲ. ‘ಎಷ್ಟು ರೂಪಾಯಿ ಬಡ್ಡಿ?’ ಎನ್ನುತ್ತಾರೆ. ನೂರಕ್ಕೆ, ತಿಂಗಳಿಗೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೆಂಟರೊಳಗೆ ಎರಡು ರೂಪಾಯಿ, ಗುರುತಿನವರಲ್ಲಿ ಮೂರು. ತುರ್ತು ಮುಖದಲ್ಲೇ ಕಂಡುಬಿಟ್ಟರೆ ಐದು, ಕೆಲವೊಮ್ಮೆ ಹತ್ತು.

ಕಾನೂನಿನ ಲೆಕ್ಕ ಬೇರೆ. 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮದಡಿ ಸರ್ಕಾರ ಗೊತ್ತುಮಾಡಿದ ಮಿತಿ ಆಧಾರವಿರುವ ಸಾಲಕ್ಕೆ ವರ್ಷಕ್ಕೆ ಶೇ 14, ಆಧಾರವಿಲ್ಲದ್ದಕ್ಕೆ ಶೇ 16. ಈ ಹದಿನಾರನ್ನು ಬೀದಿಯ ಭಾಷೆಗೆ ಇಳಿಸಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಮೂವತ್ಮೂರು ಪೈಸೆ. ಆ ದರಕ್ಕೆ ಕೈಸಾಲ ಕೊಡುತ್ತೇನೆಂದು ಯಾರಾದರೂ ಬಂದರೆ ಜನ ಮೊದಲು ಅನುಮಾನಪಡುತ್ತಾರೆ. ‘ಮೂರು ರೂಪಾಯಿ’ ಎಂಬುದು ನಮ್ಮ ಊರುಗಳಲ್ಲಿ ನ್ಯಾಯವಾದ ಬಡ್ಡಿ, ಕಾನೂನಿನಲ್ಲಿ ಅದು ಮಿತಿಯ ಎರಡು ಪಟ್ಟಿಗಿಂತಲೂ ಹೆಚ್ಚು.

ಈ ತಿಂಗಳ ಲೆಕ್ಕ ನಮ್ಮ ಅಜ್ಜಂದಿರ ಕಾಲದ್ದಷ್ಟೇ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಧರ್ಮಸಮ್ಮತ ಬಡ್ಡಿಯನ್ನು ಹೀಗೆಯೇ ಹೇಳಿದೆ: ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ. ವರ್ಷಕ್ಕೆ ಹದಿನೈದಾಯಿತು. ವಿಧಾನಸೌಧದ ಹದಿನಾಲ್ಕು, ಹದಿನಾರರ ನಟ್ಟನಡುವೆ ಬಂದು ಕೂರುವ ಸಂಖ್ಯೆ. ವ್ಯಾಪಾರಕ್ಕೆ ಐದು, ಕಾಡು ದಾಟುವವರಿಗೆ ಹತ್ತು, ಸಮುದ್ರಕ್ಕೆ ಇಳಿಯುವವರಿಗೆ ಇಪ್ಪತ್ತು ಪಣವೆಂದೂ ಅಲ್ಲಿದೆ. ಅಪಾಯ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು ಎಂಬುದು ಇವತ್ತಿನ ಫೈನಾನ್ಸ್‌ನವರೂ ಹೇಳುವ ಮಾತೇ. ಆದರೆ ಅವರು ಕಾಡಿನ ದರ ಹಾಕುವುದು ಹೊಸಕೋಟೆ ಸಂತೆಯಲ್ಲಿ ಸೊಪ್ಪು ಮಾರುವವಳಿಗೆ.

ಅಮೆರಿಕದಲ್ಲಿ ಸಂಬಳದ ದಿನದವರೆಗೆ ಕೈ ನಡೆಸಲು ಕೊಡುವ ಪುಟ್ಟ ಸಾಲದ ಅಂಗಡಿಗಳಿವೆ. ನೂರು ಡಾಲರ್‌ಗೆ ಎರಡು ವಾರಕ್ಕೆ ಹದಿನೈದು ಡಾಲರ್ ಎಂದರೆ ಕೇಳಲು ಕಡಿಮೆ, ವರ್ಷದ ಲೆಕ್ಕ ಹಾಕಿದರೆ ಶೇ 390 ದಾಟುತ್ತದೆ. ಅಲ್ಲಿ ಇದನ್ನು ಹಿಡಿದು ನಿಲ್ಲಿಸಿದ್ದು ಹೆಚ್ಚಾಗಿ ರಾಜ್ಯಗಳ ಕಾನೂನುಗಳು. ದಕ್ಷಿಣ ಡಕೋಟಾದ ಜನ 2016ರಲ್ಲಿ, ನೆಬ್ರಾಸ್ಕಾದವರು 2020ರಲ್ಲಿ ಮತ ಹಾಕಿ ವಾರ್ಷಿಕ ಶೇ 36ರ ಮಿತಿ ತಂದರು. ಶೇ 36 ಎಂದರೆ ನಮ್ಮ ಮೂರು ರೂಪಾಯಿ ಬಡ್ಡಿ! ಬ್ರಿಟನ್ 2015ರಿಂದ ದಿನದ ಲೆಕ್ಕವನ್ನೇ ಹಿಡಿಯಿತು: ದಿನಕ್ಕೆ ಶೇ 0.8 ಮೀರುವಂತಿಲ್ಲ, ಬಡ್ಡಿ, ಶುಲ್ಕ, ದಂಡ ಎಲ್ಲ ಸೇರಿ ಅಸಲಿನಷ್ಟನ್ನು ದಾಟುವಂತಿಲ್ಲ. ಸಾಲಗಾರ ಲೆಕ್ಕ ಹಾಕುವ ಅಳತೆಯಲ್ಲೇ ಕಾನೂನನ್ನೂ ಬರೆದದ್ದು ಅದರ ಜಾಣತನ.

ನಮ್ಮಲ್ಲಿ ಸಂಬಳದ ದಿನಕ್ಕಿಂತ ಹಳೆಯ ಮಾತು ಬಟವಾಡೆ. ಕೂಲಿ ಮಗ್ಗ ನಡೆಸುವವನಿಗೆ ವಾರದ ಬಟವಾಡೆ, ಅಪೆರಲ್ ಪಾರ್ಕಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ, ವಿಮಾನ ನಿಲ್ದಾಣದ ದಾರಿಯ ಕ್ಯಾಬ್ ಡ್ರೈವರನಿಗೆ ದಿನದ ಟ್ರಿಪ್ಪು. ವಾರ್ಪು ಮುಗಿದು ಮಗ್ಗ ನಿಂತರೆ, ಮಗುವಿಗೆ ಜ್ವರ ಬಂದರೆ, ಸ್ಕೂಲ್ ಫೀಸಿನ ಕೊನೆಯ ದಿನ ಬಂದುಬಿಟ್ಟರೆ ಬಟವಾಡೆಗೂ ಖರ್ಚಿಗೂ ನಡುವೆ ಒಂದು ಹಳ್ಳ ಬೀಳುತ್ತದೆ. ಆ ಹಳ್ಳಕ್ಕೆ ಹಲಗೆ ಹಾಸುವವನು ಬೈಕಿನಲ್ಲಿ ಬರುತ್ತಾನೆ.

ಅವನ ಲೆಕ್ಕ ಬಹಳ ಸರಳ. ಹತ್ತು ಸಾವಿರ ಸಾಲ, ಕೈಗೆ ಒಂಬತ್ತು ಸಾವಿರ. ದಿನಕ್ಕೆ ನೂರರಂತೆ ನೂರು ದಿನ. ಒಂದು ಸಾವಿರ ಬಡ್ಡಿ, ಹತ್ತಕ್ಕೆ ಒಂದು, ಅಷ್ಟೇನೂ ಅಲ್ಲವಲ್ಲ ಎನಿಸುತ್ತದೆ. ಆದರೆ ಮರುದಿನದಿಂದಲೇ ಅಸಲು ವಾಪಸಾಗುತ್ತಿರುವುದರಿಂದ ಆ ಒಂಬತ್ತು ಸಾವಿರ ನೂರು ದಿನವೂ ಸಾಲಗಾರಳ ಬಳಿ ಇರುವುದೇ ಇಲ್ಲ. ಸರಾಸರಿ ನೋಡಿದರೆ ಅರ್ಧ. ಹಾಗೆ ಲೆಕ್ಕ ಹಾಕಿದರೆ ವಾರ್ಷಿಕ ದರ ಶೇ 80ರ ಆಸುಪಾಸು. ಬೀದಿಯ ಭಾಷೆಯಲ್ಲಿ ಆರೂವರೆ ರೂಪಾಯಿ ಬಡ್ಡಿ. ಹಾಗೆಂದು ನೇರವಾಗಿ ಹೇಳಿದರೆ ಅವಳೇ ಬೇಡವೆನ್ನುತ್ತಿದ್ದಳು. ಗುರುತಿಗೆ ಒಂದು ರಟ್ಟಿನ ಕಾರ್ಡು, ದಿನಕ್ಕೊಂದು ಗೀಟು.

ಸಾಲಗಾರರನ್ನು ಕಾಯುವ ಕಾನೂನು ನಮ್ಮಲ್ಲಿ ಕಡಿಮೆಯಿಲ್ಲ. ಹಳೇ ಮೈಸೂರಿನಲ್ಲಿ 1928ರಷ್ಟು ಹಿಂದೆಯೇ ಕೃಷಿಕರ ಪರಿಹಾರ ಕಾಯ್ದೆ ಇತ್ತು. 1961ರಲ್ಲಿ ಲೇವಾದೇವಿದಾರರಿಗೊಂದು, ಗಿರವಿದಾರರಿಗೊಂದು ಅಧಿನಿಯಮ ಬಂದವು. ಲೈಸೆನ್ಸ್ ಕೊಡುವ ಕೆಲಸ ಸಹಕಾರ ಇಲಾಖೆಗೆ ಹೋಯಿತು. ತುರ್ತುಪರಿಸ್ಥಿತಿಯಲ್ಲಿ, ಇಪ್ಪತ್ತಂಶದ ಕಾರ್ಯಕ್ರಮದ ಬೆನ್ನಿಗೆ, ದೇವರಾಜ ಅರಸು ಸರ್ಕಾರ 1976ರ ಋಣ ಪರಿಹಾರ ಅಧಿನಿಯಮ ತಂದಿತು. 2004ರಲ್ಲಿ, ತಮಿಳುನಾಡಿನ ಹಾದಿಯಲ್ಲೇ, ಅತಿಯಾದ ಬಡ್ಡಿಯನ್ನು ನಿಷೇಧಿಸುವ ಕಾನೂನು ಬಂತು: ಮೂರು ವರ್ಷದವರೆಗೆ ಜೈಲು, ಮೂವತ್ತು ಸಾವಿರದವರೆಗೆ ದಂಡ.

2018ರ ಋಣ ಪರಿಹಾರ ಅಧಿನಿಯಮದ್ದು ಬೇರೆಯೇ ಕತೆ. ರಾಷ್ಟ್ರಪತಿಗಳ ಅಂಕಿತ ಸಿಕ್ಕು ಅದು ಜಾರಿಗೆ ಬಂದದ್ದು 2019ರ ಜುಲೈ ಕೊನೆಯಲ್ಲಿ, ಎಚ್.ಡಿ. ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಸೋತ ಹೊತ್ತಿಗೆ ಸರಿಯಾಗಿ. ಭೂಹೀನ ಕೂಲಿಗಳು, ಎರಡು ಹೆಕ್ಟೇರಿನೊಳಗಿನ ಸಣ್ಣ ರೈತರು, ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರದ ಆದಾಯದವರು ಖಾಸಗಿ ಸಾಲದಿಂದ ಬಿಡುಗಡೆ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದಿತ್ತು. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಿಗೆ ಆ ಕಚೇರಿ ದೊಡ್ಡಬಳ್ಳಾಪುರದಲ್ಲಿದೆ. ಗಿರವಿ ರಸೀದಿ ಇದ್ದವರ ಕೈಯಲ್ಲಿ ತೋರಿಸಲು ಒಂದು ಕಾಗದವಾದರೂ ಇತ್ತು. ಕೈಸಾಲದವರು ಏನು ತೋರಿಸಬೇಕು?

ಆಮೇಲೆ 2025ರ ಜನವರಿ. ಚಾಮರಾಜನಗರದ ಕಡೆ ಕಂತಿನವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯವನ್ನೇ ಅಂಚೆಯಲ್ಲಿ ಸರ್ಕಾರಕ್ಕೆ ಕಳಿಸಿದರು. ಸಿದ್ದರಾಮಯ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಸಿದ್ಧಪಡಿಸಿತು. ರಾಜ್ಯಪಾಲ ಥಾವರಚಂದ್ ಗೆಹಲೋತ್ ಅದನ್ನು ಫೆಬ್ರವರಿ 7ರಂದು ಹಿಂದಕ್ಕೆ ಕಳಿಸಿದರು. ಕಿರುಸಾಲ ಹೆಚ್ಚೆಂದರೆ ಮೂರು ಲಕ್ಷ, ದಂಡ ಐದು ಲಕ್ಷವೇ, ನ್ಯಾಯವಾಗಿ ಸಾಲ ಕೊಟ್ಟವರ ಗತಿಯೇನು ಎಂಬುದು ಅವರ ಆಕ್ಷೇಪಗಳಲ್ಲಿ ಮುಖ್ಯವಾದದ್ದು. ಸರ್ಕಾರ ವಿವರಣೆಯೊಂದಿಗೆ ಮತ್ತೆ ಕಳಿಸಿತು, 12ರಂದು ಅಂಕಿತ ಬಿತ್ತು. ಮಾರ್ಚ್‌ನಲ್ಲಿ ಉಭಯ ಸದನಗಳು ಮಸೂದೆಯನ್ನು ಒಪ್ಪಿದವು.

ಅದರ ಹಲ್ಲುಗಳು ಗಟ್ಟಿಯಾಗಿವೆ. ಸಾಲ ಕೊಡುವ ಸಂಸ್ಥೆ ಮೂವತ್ತು ದಿನದೊಳಗೆ ಜಿಲ್ಲಾಧಿಕಾರಿಯ ಬಳಿ ನೋಂದಣಿ ಮಾಡಿಸಬೇಕು. ನಮ್ಮ ನಾಲ್ಕೂ ತಾಲ್ಲೂಕಿನ ಮಟ್ಟಿಗೆ ಅದು ದೇವನಹಳ್ಳಿ ಬಳಿ ಬೀರಸಂದ್ರದ ಜಿಲ್ಲಾಡಳಿತ ಭವನ. (ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈನಲ್ಲಿ ನಂದಿಬೆಟ್ಟದ ಸಂಪುಟ ಸಭೆ ತೀರ್ಮಾನಿಸಿತು. ಬಾಯಲ್ಲಿ ಇನ್ನೂ ಗ್ರಾಮಾಂತರವೇ.) ಬಡ್ಡಿದರ ತಿಳಿಸಬೇಕು, ಪತ್ರವ್ಯವಹಾರ ಕನ್ನಡದಲ್ಲಿರಬೇಕು, ಕಟ್ಟಿದ ಹಣಕ್ಕೆ ಸಹಿ ಮಾಡಿದ ರಸೀದಿ ಕೊಡಬೇಕು, ಒಡವೆ ಅಡ ಇಡಿಸಿಕೊಳ್ಳುವಂತಿಲ್ಲ. ಮನೆ ಬಾಗಿಲಿಗೆ ಪದೇ ಪದೇ ಬಂದು ಕಾಡುವುದು, ಬೆದರಿಕೆ, ಅವಮಾನ, ರೌಡಿಗಳನ್ನು ಬಿಡುವುದು ಎಲ್ಲವೂ ಅಪರಾಧ. ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, ಜಾಮೀನಿಲ್ಲ. ಪೊಲೀಸರು ದೂರು ತಗೊಳ್ಳಲ್ಲ ಎನ್ನುವಂತಿಲ್ಲ, ಡಿವೈಎಸ್‌ಪಿ ದರ್ಜೆಯವರು ತಾವಾಗಿಯೇ ಕೇಸು ಹಾಕಬಹುದು. ನೋಂದಣಿಯಿಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆಯೇ. ಅದರ ವಸೂಲಿಗೆ ಸಿವಿಲ್ ಕೋರ್ಟು ದಾವೆ ತೆಗೆದುಕೊಳ್ಳುವುದಿಲ್ಲ.

ಇನ್ನೇನು ಬೇಕು ಎನಿಸುತ್ತದೆ. ಆದರೆ ‘ಸಂಘದ ಸಾಲ’ ಎಂದು ನಮ್ಮ ಹಳ್ಳಿಗಳಲ್ಲಿ ಕರೆಯುವುದರಲ್ಲಿ ಹೆಚ್ಚಿನದು ರಿಸರ್ವ್ ಬ್ಯಾಂಕಿನ ನೋಂದಣಿಯಿರುವ ಕಂಪನಿಗಳದ್ದು. ಅವುಗಳಿಗೆ ರಾಜ್ಯದ ಲೇವಾದೇವಿ ಕಾನೂನು ತಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ಕೇರಳ ಮತ್ತು ಗುಜರಾತಿನ ಪ್ರಕರಣಗಳಲ್ಲಿ, ಹೇಳಿಬಿಟ್ಟಿದೆ. 2010ರಲ್ಲಿ ಆಂಧ್ರಪ್ರದೇಶ ಮೈಕ್ರೋಫೈನಾನ್ಸ್ ಮೇಲೆ ತಂದ ಬಿಗಿ ಕಾನೂನಿಗೂ 2023ರಲ್ಲಿ ತೆಲಂಗಾಣ ಹೈಕೋರ್ಟಿನಲ್ಲಿ ಅದೇ ಗತಿಯಾಯಿತು. ಕರ್ನಾಟಕದ ಸುಗ್ರೀವಾಜ್ಞೆಯೂ ಆ ಕಂಪನಿಗಳವರನ್ನು ಹೊರಗಿಟ್ಟೇ ಬಂತು.

ಅವರಿಗೆ ಇರುವುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ವಾರ್ಷಿಕ ಆದಾಯ ಮೂರು ಲಕ್ಷದೊಳಗಿನ ಕುಟುಂಬಕ್ಕೆ ಅಡವಿಲ್ಲದ ಸಾಲ. ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ. ಅದೇ ನಿರ್ದೇಶನ ಬಡ್ಡಿಗಿದ್ದ ಮೇಲ್ಮಿತಿಯನ್ನು ತೆಗೆದುಹಾಕಿತು ಎಂಬುದನ್ನೂ ನೆನಪಿಡಬೇಕು.

ಒಬ್ಬರಿಗೊಬ್ಬರು ಹೊಣೆಯಾಗುವ ಈ ಗುಂಪು ಸಾಲದಲ್ಲಿ ಬಲವಂತ ಮಾಡುವವರು ಯಾರು ಎಂಬುದೇ ತೊಡಕಿನ ಪ್ರಶ್ನೆ. ಕಂತಿನ ದಿನ ಒಬ್ಬಳು ಬರಲಿಲ್ಲವೆಂದರೆ ಫೀಲ್ಡ್ ಆಫೀಸರ್ ದನಿ ಎತ್ತಬೇಕಾಗಿಲ್ಲ. ‘ಎಲ್ಲರದ್ದೂ ಬರೋವರೆಗೆ ಇಲ್ಲೇ ಕೂತಿರ್ತೀನಿ’ ಅಂದರೆ ಸಾಕು. ಮಿಕ್ಕ ಹೆಂಗಸರೇ ಎದ್ದು ಹೋಗಿ ಅವಳ ಬಾಗಿಲು ಬಡಿಯುತ್ತಾರೆ. ‘ನಿನ್ನಿಂದ ನಮಗೆ ಕೆಲಸ ತಪ್ಪಿತು ಕಣಮ್ಮಾ’ ಎಂದು ಬೀದಿಗೆ ಕೇಳುವಂತೆ ಅಂದವರು ಅಕ್ಕಪಕ್ಕದವರೇ, ನಾಳೆ ನೀರಿನ ಟ್ಯಾಂಕರ್ ಹತ್ತಿರ ಸಿಗುವವರೇ. ಇವರಲ್ಲಿ ಯಾರ ಮೇಲೆ ಕೇಸು?

ಮೊಬೈಲ್ ಆ್ಯಪಿನ ಸಾಲದಲ್ಲಿ ಅಕ್ಕಪಕ್ಕದವರ ಬದಲು ಫೋನಿನೊಳಗಿನ ನಂಬರುಗಳು. ಅಂಥ ಆ್ಯಪ್‌ಗಳ ಮೇಲೆ ಬೆಂಗಳೂರಿನ ಸೈಬರ್ ಠಾಣೆಯಲ್ಲಿ ದಾಖಲಾದ 18 ಎಫ್‌ಐಆರ್‌ಗಳ ಜಾಡು ಹಿಡಿದು ಜಾರಿ ನಿರ್ದೇಶನಾಲಯ 2022ರ ಸೆಪ್ಟೆಂಬರಿನಲ್ಲಿ ನಗರದ ಹಲವು ಕಡೆ ಶೋಧ ನಡೆಸಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಆ್ಯಪು ಫೋನಿನ ಕಾಂಟ್ಯಾಕ್ಟ್, ಫೋಟೊಗಳಿಗೆ ಕೈಹಾಕುವಂತಿಲ್ಲ, ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ಮೊದಲೇ ಹೇಳಬೇಕು. ಲೈಸೆನ್ಸಿಲ್ಲದ ಆ್ಯಪು ಮಾರ್ಗಸೂಚಿ ಓದುವುದಿಲ್ಲ, ಆ ಮಾತು ಬೇರೆ.

ನನ್ನ ಮಟ್ಟಿಗೆ ಈ ಎಲ್ಲ ಕಾನೂನುಗಳ ಗಂಟು ಇರುವುದು ಕಾಗದದಲ್ಲಿ. ರಸೀದಿ, ಲೆಕ್ಕಪತ್ರ, ನೋಂದಣಿ ಎಂದು ಕಾನೂನು ಕೇಳುವುದೆಲ್ಲ ಸಾಲ ಕೊಟ್ಟವನು ಬರೆದುಕೊಡಬೇಕಾದ ಕಾಗದಗಳು. ಬೈಕಿನವನು ಏನನ್ನೂ ಬರೆದುಕೊಡುವುದಿಲ್ಲ, ಬರೆಸಿಕೊಳ್ಳುತ್ತಾನೆ: ಸಹಿ ಮಾಡಿದ ಖಾಲಿ ಚೆಕ್ಕು, ಖಾಲಿ ಛಾಪಾ ಕಾಗದ. ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದರೂ ಅವನಿಗೆ ಚಿಂತೆಯಿಲ್ಲ, ಚೆಕ್ ಬೌನ್ಸ್ ಕೇಸು ನಡೆಯುವುದು ಮ್ಯಾಜಿಸ್ಟ್ರೇಟ್ ಎದುರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಮಿನಡಿ ಚೆಕ್ಕು ಬಾಕಿಗಾಗಿಯೇ ಕೊಟ್ಟದ್ದೆಂದು ಕೋರ್ಟು ಮೊದಲಿಗೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ಸಹಿ ಮಾಡಿದವರ ಮೇಲೆ. ಸ್ವಂತ ಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ ಈ ಮಾತು ಅನ್ವಯವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 138ನೇ ಕಲಮಿನ ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಒಂಬತ್ತು ಸಾವಿರ ಪಡೆದವಳ ಚೆಕ್ಕಿನ ಮೇಲೆ ತೊಂಬತ್ತು ಸಾವಿರವೆಂದು ಬರೆದರೆ, ಅದು ಸುಳ್ಳೆಂದು ತೋರಿಸಲು ಅವಳ ಹತ್ತಿರ ಏನಿದೆ? ಗೀಟು ಹಾಕಿದ ಆ ರಟ್ಟಿನ ಕಾರ್ಡು.

ಹಳ್ಳಕ್ಕೆ ಬೇರೆ ಹಲಗೆ ಹಾಸುವ ಪ್ರಯತ್ನಗಳೂ ಆಗಿವೆ. ಬೀದಿಬದಿ ವ್ಯಾಪಾರಿಗಳಿಗೆ ಹತ್ತು ಸಾವಿರದವರೆಗೆ ಬಡ್ಡಿಯಿಲ್ಲದ ಸಾಲ ಕೊಡುವ ‘ಬಡವರ ಬಂಧು’ 2018ರಲ್ಲಿ ಬಂತು. 2020ರಲ್ಲಿ ಕೇಂದ್ರದ ಸ್ವನಿಧಿ ಹತ್ತು ಸಾವಿರದಿಂದಲೇ ಶುರುವಾಯಿತು. ಬೈಕಿನವನು ಕೊಡುವುದೂ ಅಷ್ಟೇ ಹಣ. ವ್ಯತ್ಯಾಸವಿರುವುದು ಹೊತ್ತಿನಲ್ಲಿ. ಇವನು ಬೆಳಗಿನ ಆರಕ್ಕೆ, ಸೊಪ್ಪಿನ ಮೂಟೆ ಇಳಿಯುವ ಮುಂಚೆ, ನೋಟು ಎಣಿಸಿ ಕೊಡುತ್ತಾನೆ. ಬ್ಯಾಂಕು ಬಾಗಿಲು ತೆಗೆಯುವಷ್ಟರಲ್ಲಿ ಸಂತೆ ಅರ್ಧ ಮುಗಿದಿರುತ್ತದೆ.

ನೂರನೇ ದಿನ ಕೊನೆಯ ಗೀಟು ಬಿದ್ದ ಮೇಲೆ ಆ ಕಾರ್ಡನ್ನು ಅವನೇ ಇಸಕೊಳ್ಳುತ್ತಾನೆ. ಚೆಕ್ಕು ಎಲ್ಲಿ ಎಂದು ಕೇಳುವ ಪ್ರಮೇಯ ಬರುವುದಿಲ್ಲ. ಅಷ್ಟರಲ್ಲಿ ಹೊಸ ಕಾರ್ಡು ಕೈಗೆ ಬಂದಿರುತ್ತದೆ, ಒಂಬತ್ತು ಸಾವಿರದ ಜೊತೆಗೆ. ವರ್ಷಕ್ಕೆ ಇಂಥವು ಮೂರೂವರೆ ಕಾರ್ಡು. ಚೆಕ್ಕು ಮಾತ್ರ ಅದೇ ಹಳೆಯದು.