ಸರದಿಯ ನ್ಯಾಯ

ಅರಸೀಕೆರೆ, ಬೇಲೂರು, ಹಳೇಬೀಡುಗಳು ಕೆರೆಗಳ ಊರುಗಳು. ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ, ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ, ಹಳೇಬೀಡಿನ ಹಿಂದಿನ ಹೆಸರಾದ ದೋರಸಮುದ್ರವೂ ಕೆರೆಯನ್ನೇ ನೆನಪಿಸುತ್ತದೆ. ಕೆರೆಯನ್ನು ಕಟ್ಟಿದರೆ ಸಾಲದು, ಅದರ ನೀರನ್ನು ಹಂಚುವುದನ್ನೂ ಅರಿತಿರಬೇಕು. ಅದಕ್ಕಾಗಿ ನಮ್ಮ ಹಿರಿಯರು ನೀರುಗಂಟಿಯನ್ನು ನೇಮಿಸುತ್ತಿದ್ದರು. ತೂಬಿನ ಬಳಿಯ ಗದ್ದೆಗೂ ಕಾಲುವೆಯ ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು ಅವನ ಕರ್ತವ್ಯವಾಗಿತ್ತು.

ಇಂದು ಊರಿನ ಆಟದ ಬಯಲಿಗೂ ಇದೇ ನ್ಯಾಯ ಬೇಕಾಗಿದೆ. ಬಯಲು ಒಂದು, ತಂಡಗಳು ಹಲವು. ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ದೊರೆಯುವ ಹೊತ್ತು ಅಲ್ಪ. ಶೀತದೇಶಗಳಲ್ಲಿ ಹಾಕಿ ಆಟಗಾರರೂ ಜಾರಾಟದವರೂ ಮಂಜುಗಡ್ಡೆಯ ಒಂದೇ ಅಂಗಳವನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಳ್ಳುವುದುಂಟು. ಬಲವುಳ್ಳವರಿಗೇ ಬಯಲು ಎಂದಾದರೆ ಕಿರಿಯರೂ ಹುಡುಗಿಯರೂ ಅಂಚಿನಲ್ಲಿಯೇ ನಿಲ್ಲಬೇಕಾಗುತ್ತದೆ. ಅವರೇ ಕಾಲುವೆಯ ಕೊನೆಯ ಗದ್ದೆಯವರು.

ಹಂಚುವ ಮೊದಲು ಅಗತ್ಯವನ್ನು ಅಳೆಯಬೇಕು. ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ ಸಾಕು; ಪುರುಷರ ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಇವೆರಡೂ ಏಕಕಾಲದಲ್ಲಿ ನಡೆಯಬಲ್ಲವು. ಕ್ರಿಕೆಟ್ ಇಡೀ ಬಯಲನ್ನು ಬೇಡುತ್ತದೆ. ಆದುದರಿಂದ ಅದಕ್ಕೆ ಬೇರೆ ದಿನವನ್ನು ಗೊತ್ತುಮಾಡಬೇಕು. ಸಂಜೆಯ ತಂಪು ಹೊತ್ತು ಒಂದೇ ತಂಡದ ಸೊತ್ತಾಗದೆ ವಾರವಾರವೂ ಬದಲಾಗಬೇಕು. ಸರದಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. ಮರೆಯಲ್ಲಿ ಮಾಡಿದ ಹಂಚಿಕೆ ಸರಿಯಾಗಿದ್ದರೂ ಸಂಶಯಕ್ಕೆ ಎಡೆಗೊಡುತ್ತದೆ.

ಪಟ್ಟಿಗಿಂತಲೂ ಮಿಗಿಲಾದುದು ಅದನ್ನು ಪಾಲಿಸುವ ಮನಸ್ಸು. ತನ್ನ ಗದ್ದೆ ನೆನೆದೊಡನೆ ನೀರನ್ನು ಕೆಳಗಿನ ಗದ್ದೆಗೆ ತಿರುಗಿಸುವ ರೈತನಂತೆ, ಹೊತ್ತು ಮುಗಿದೊಡನೆ ಬಯಲನ್ನು ಬಿಟ್ಟುಕೊಡುವವನೇ ನಿಜವಾದ ಆಟಗಾರ.