ರೀಲು ಕೊಳ್ಳುವವರು ಮೂಗು ಮರೆಯಬಾರದು

ಕೊಪ್ಪಳದ ಭಾಗ್ಯನಗರದ ಓದುಗರೊಬ್ಬರು ಕೇಳಿದ್ದಾರೆ: ‘ಮುಚ್ಚಿದ ಟಾಕೀಸಿನ 35 ಎಂಎಂ ಪ್ರೊಜೆಕ್ಟರ್ ಒಂದು ನಮ್ಮಲ್ಲಿದೆ, ಇನ್ನೂ ಓಡುತ್ತದೆ. ಹಳೇ ಕನ್ನಡ ಸಿನಿಮಾ ಹಾಕೋಣವೆಂದು ರೀಲು ಹುಡುಕುತ್ತಿದ್ದೇವೆ. ಮಾರುವವರೆಲ್ಲ ತಮ್ಮದು ಕೊಡಕ್ ರೀಲು, ಬಣ್ಣ ಒಂಚೂರೂ ಮಾಸಿಲ್ಲ ಅನ್ನುತ್ತಾರೆ. ಯಾವುದನ್ನು ನಂಬಬೇಕು?’

ಬಣ್ಣವನ್ನೂ ನಂಬಬೇಡಿ, ಕಂಪನಿಯ ಹೆಸರನ್ನೂ ನಂಬಬೇಡಿ. ಚಿತ್ರ ಇರುವುದು ಜಿಲೆಟಿನ್ನಿನ ತೆಳು ಪದರದಲ್ಲಿ. ಅದನ್ನು ಹೊತ್ತು ಓಡುವುದು ಕೆಳಗಿನ ಪ್ಲಾಸ್ಟಿಕ್ ಪಟ್ಟಿ. ಪ್ರೊಜೆಕ್ಟರಿಗೆ ರಾಜ್‌ಕುಮಾರ್ ಯಾರೋ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪಟ್ಟಿಯ ಅಂಚಿನ ತೂತು ಮಾತ್ರ.

ನಿಮ್ಮದು ನೇಕಾರರ ಊರು, ಮಗ್ಗದಿಂದಲೇ ಹೇಳುತ್ತೇನೆ. ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ತಿರುಗುತ್ತದಲ್ಲ, ಅದು ಒಂದೇ ಸಮನೆ ಹರಿಯುವುದಿಲ್ಲ. ಒಂದು ಕಾರ್ಡು ಬಂದು ನಿಲ್ಲುತ್ತದೆ, ಸೂಜಿಗಳು ಅದರ ತೂತುಗಳನ್ನು ತಡವುತ್ತವೆ, ಎಳೆಗಳು ಏಳುತ್ತವೆ, ಲಾಳಿ ಹಾಯುತ್ತದೆ. ಆಮೇಲೇ ಮುಂದಿನ ಕಾರ್ಡು. ಸಿನಿಮಾ ಪಟ್ಟಿಯ ನಡಿಗೆಯೂ ಹೀಗೇ. ಒಂದು ಫ್ರೇಮ್ ಗೇಟಿಗೆ ಬಂದು ನಿಲ್ಲಬೇಕು, ಬೆಳಕು ಹಾಯಬೇಕು, ಶಟರ್ ಮುಚ್ಚಿದ ಕತ್ತಲಲ್ಲಿ ಮುಂದಿನ ಫ್ರೇಮ್ ಇಳಿಯಬೇಕು. ಅಲ್ಲಿ ಕಾರ್ಡನ್ನು ಹಿಡಿದು ಕೂರಿಸುವುದು ಉರುಳೆಯ ಮೊಳೆ, ಇಲ್ಲಿ ಫ್ರೇಮನ್ನು ಎಳೆಯುವುದು ಸ್ಪ್ರಾಕೆಟ್ ಹಲ್ಲು. ರಟ್ಟು ತೇವಕ್ಕೆ ಉಬ್ಬಿ ಅಳತೆ ತಪ್ಪಿದರೆ ಮೊಳೆ ತೂತಿಗೆ ಕೂರದೆ ಸೆರಗಿನ ಹೂವು ಕೆಡುತ್ತದೆ. ಆದರೆ ನೇಕಾರ ಹೂವು ಕೆಟ್ಟದ್ದು ಕಂಡ ಕೂಡಲೇ ಕೈ ತಡೆಯಬಲ್ಲ. ಪ್ರೊಜೆಕ್ಟರಿನಲ್ಲಿ ಅಷ್ಟು ಪುರುಸೊತ್ತಿಲ್ಲ. ಸೆಕೆಂಡಿಗೆ 24 ಫ್ರೇಮ್, ಫ್ರೇಮಿಗೆ ಬದಿಗೆ 4 ತೂತು, ಒಟ್ಟು 96. 2,000 ಅಡಿಯ ರೀಲು 22 ನಿಮಿಷದಲ್ಲಿ ಮುಗಿಯುವಷ್ಟರಲ್ಲಿ ಒಂದೊಂದು ಬದಿಯ 1,28,000 ತೂತುಗಳು ಹಲ್ಲಿಗೆ ಸಿಕ್ಕಿ ಬಿಟ್ಟಿರುತ್ತವೆ. ಪಟ್ಟಿ ಕುಗ್ಗಿದ್ದರೆ ಅಷ್ಟೂ ತೂತಿನ ಅಂಚಿಗೆ ಏಟು.

ಪಟ್ಟಿಗಳಲ್ಲಿ ಮೂರು ಜಾತಿ. ಹಳೆಯದು ನೈಟ್ರೇಟ್. ತನ್ನ ಉರಿಗೆ ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರದು. ಹಾಳಾದ ನೈಟ್ರೇಟ್ ರೀಲು ಬಹುಕಾಲ 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿದ್ದರೂ ತಾನಾಗಿಯೇ ಹೊತ್ತಿಕೊಂಡೀತೆಂದು ಪ್ರಯೋಗಗಳು ತೋರಿಸಿವೆ. ಕೊಪ್ಪಳದ ಬೇಸಿಗೆ ಎಷ್ಟಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಈ ನೈಟ್ರೇಟ್ ಕಾಲದ್ದು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕೊಡಕ್ 1950ರ ದಶಕದ ಆರಂಭದಲ್ಲಿ ನೈಟ್ರೇಟ್ ತಯಾರಿಕೆ ಬಿಟ್ಟಿತು. ಅದಕ್ಕೂ ಹಿಂದಿನ ರೀಲು ಯಾರಾದರೂ ಕೊಡುತ್ತೇನೆಂದರೆ ಬಿಟ್ಟಿ ಸಿಕ್ಕರೂ ಮನೆಗೆ ತರಬೇಡಿ.

ಎರಡನೆಯದು 1948ರಲ್ಲಿ ಬಂದ ಟ್ರೈ ಅಸಿಟೇಟ್. ಬೆಂಕಿಯ ಭಯವಿಲ್ಲವೆಂದು ಇದನ್ನು ‘ಸೇಫ್ಟಿ ಫಿಲ್ಮ್’ ಎಂದು ಮಾರಿದರು. ಬಂದು ಹತ್ತು ವರ್ಷವಾಗುವ ಮೊದಲೇ ಇದು ಕೆಡುತ್ತಿದೆಯೆಂದು ಕೊಡಕ್‌ಗೆ ವರದಿ ಹೋಯಿತು. ಮೊದಲ ವರದಿ ಕಳಿಸಿದ್ದು ಬೇರೆ ಯಾರೂ ಅಲ್ಲ, ಭಾರತ ಸರ್ಕಾರ! ನಮ್ಮ ಸೆಕೆ ಮತ್ತು ತೇವ ಪ್ರಯೋಗಾಲಯಕ್ಕಿಂತ ಮೊದಲೇ ಸತ್ಯ ಹೊರಹಾಕಿದ್ದವು. ಆಗುವುದಿಷ್ಟು: ನೀರಿನಂಶ ಸೇರಿ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್, ಹೊರಬರುತ್ತದೆ. ಆ ಆಮ್ಲವೇ ಉಳಿದ ಪಟ್ಟಿಯನ್ನು ಇನ್ನಷ್ಟು ಬೇಗ ಒಡೆಯುತ್ತದೆ. ಗಾಳಿಯಾಡದ ಡಬ್ಬದಲ್ಲಿಟ್ಟರೆ ಹುಳಿ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಪಟ್ಟಿ ಕುಗ್ಗುತ್ತದೆ, ಅಂಚು ನೆರಿಗೆಗಟ್ಟುತ್ತದೆ, ಕೊನೆಗೆ ಜಿಲೆಟಿನ್ ಪದರವೇ ಎದ್ದು ಬರುತ್ತದೆ.

ಮೂರನೆಯದು ಪಾಲಿಯೆಸ್ಟರ್, 1990ರ ದಶಕದಿಂದ ಥಿಯೇಟರ್ ಪ್ರತಿಗಳು ಹೆಚ್ಚಾಗಿ ಇದರವೇ. ಇದಕ್ಕೆ ವಿನೆಗರ್ ರೋಗವಿಲ್ಲ, ಕುಗ್ಗುವುದೂ ತೀರಾ ಕಡಿಮೆ. ತೊಡಕೆಂದರೆ, ಇದು ಹರಿಯುವುದಿಲ್ಲ. ಸಿಕ್ಕಿಕೊಂಡರೆ ಪಟ್ಟಿಯ ಬದಲು ಪ್ರೊಜೆಕ್ಟರಿನ ಭಾಗ ಮುರಿದೀತು. ಮಾಮೂಲಿ ಸಿಮೆಂಟ್ ಹಾಕಿದರೆ ಜಾಯಿಂಟ್ ಹಿಡಿಯುವುದೂ ಇಲ್ಲ, ಟೇಪೇ ಬೇಕು.

ಇನ್ನು ಪರೀಕ್ಷೆ. ಮೊದಲು ಡಬ್ಬ ತೆಗೆದು ಮೂಗು ಒಡ್ಡಿ. ಹುಳಿ ವಾಸನೆ ಹೊಡೆದರೆ ಬೆಲೆ ಕೇಳುವ ಗೊಡವೆಯೇ ಬೇಡ. ಅದನ್ನು ತಂದು ನಿಮ್ಮ ಒಳ್ಳೆಯ ರೀಲುಗಳ ಪಕ್ಕ ಇಟ್ಟರೆ ಆ ಆಮ್ಲದ ಆವಿ ಅವನ್ನೂ ಕೆಡಿಸುತ್ತದೆ. ವಾಸನೆ ಇಲ್ಲದಿದ್ದರೆ ಸುರುಳಿಯನ್ನು ದೀಪಕ್ಕೆ ಅಡ್ಡ ಹಿಡಿದು ಪಕ್ಕದಿಂದ ನೋಡಿ. ಸುತ್ತುಗಳ ನಡುವೆ ಬೆಳಕು ತೂರಿ ಬಂದರೆ ಪಾಲಿಯೆಸ್ಟರ್, ಮಬ್ಬಾಗಿದ್ದರೆ ಅಸಿಟೇಟ್. ಅಸಿಟೇಟಾದರೆ ಹೊಸ ಪಟ್ಟಿಯ ತುಂಡಿನ ಪಕ್ಕದಲ್ಲಿ, ಮೊದಲ ತೂತು ಸರಿಹೊಂದಿಸಿ, ಹಾಸಿಕೊಂಡು ಹೋಗಿ. ನೂರು ಫ್ರೇಮ್ ಅಂದರೆ ಸುಮಾರು 190 ಸೆಂಟಿಮೀಟರ್. ಅಷ್ಟರಲ್ಲಿ ಹಳೆಯದು ಒಂದು ಫ್ರೇಮಿನಷ್ಟು ಹಿಂದೆ ಬಿದ್ದರೆ ಶೇಕಡ 1 ಕುಗ್ಗಿದೆ ಎಂದರ್ಥ. ಅಂಥದ್ದನ್ನು ಓಡಿಸಬಾರದು. ಅರ್ಧ ಫ್ರೇಮಿನೊಳಗಿದ್ದರೆ ಧೈರ್ಯ ಮಾಡಬಹುದು. ಕಡೆಗೆ ತೂತಿನ ಅಂಚನ್ನು ಉಗುರಿನಿಂದ ಸವರಿ; ಬಿರುಕು ಕೈಗೇ ತಿಳಿಯುತ್ತದೆ. ಜಾಯಿಂಟ್‌ಗಳನ್ನು ಮೆಲ್ಲಗೆ ಬಾಗಿಸಿ ನೋಡಿ.

ಇಷ್ಟಾದ ಮೇಲೆ ಚಿತ್ರ ನೋಡಿ. 1980ರ ದಶಕಕ್ಕೆ ಹಿಂದಿನ ಬಹುಪಾಲು ಬಣ್ಣದ ಪ್ರತಿಗಳು ಗುಲಾಬಿಗೆ ತಿರುಗಿರುತ್ತವೆ. ಮೂರು ಬಣ್ಣಗಳಲ್ಲಿ ಸಯಾನ್, ಅಂದರೆ ಹಸಿರುನೀಲಿ, ಕತ್ತಲಲ್ಲಿಟ್ಟರೂ ಮೊದಲು ಮಾಸುತ್ತದೆ. ನೋಡಲು ಬೇಸರ, ಓಡಲು ಅಡ್ಡಿಯಿಲ್ಲ. ಗೀರುಗಳಲ್ಲೂ ಭೇದವಿದೆ. ತೆರೆಯ ಮೇಲೆ ಸುರಿಯುವ ಕಪ್ಪು ಮಳೆ ಹೆಚ್ಚಾಗಿ ಪಟ್ಟಿಯ ಬೆನ್ನಿನ ಗೀರು. ಹಸಿರು ಗೆರೆ ಕಂಡರೆ ಚಿತ್ರದ ಪದರವೇ ಕಿತ್ತುಹೋಗಿದೆ.

ಕಂಪನಿಯ ಮಾತಿಗೆ ಬಂದರೆ, ಕೊಡಕ್ ಇರಲಿ, ಪೂರ್ವ ಜರ್ಮನಿಯ ಓರ್ವೋ ಇರಲಿ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಇರಲಿ, ತಗಡಿನ ಶೀಟಿನ ಕೆಳಗೆ ಇಪ್ಪತ್ತು ಬೇಸಿಗೆ ಕಳೆದರೆ ಎಲ್ಲವೂ ಒಂದೇ. ಅಂಚಿನ ಬರಹವನ್ನು ತೋರಿಸಿ ಮಾರುವವರಿದ್ದಾರೆ. ಪ್ರಿಂಟ್ ಹಾಕುವಾಗ ನೆಗೆಟಿವ್‌ನ ಅಂಚಿನ ಅಕ್ಷರ ಪ್ರತಿಗೂ ಇಳಿಯುವುದುಂಟು. ‘ಸೇಫ್ಟಿ’ ಅನ್ನುವ ಪದವೂ ಹಾಗೆ ಇಳಿದದ್ದಿರಬಹುದು. ಫಿಲ್ಮ್ ನೂರು ವರ್ಷ ಬಾಳುತ್ತದೆ ಅನ್ನುವ ಮಾತೂ ತಂಪಾದ, ಒಣಗಿದ ಉಗ್ರಾಣದಲ್ಲಿಟ್ಟ ಫಿಲ್ಮಿಗೆ ಮಾತ್ರ ಸಲ್ಲುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡದ್ದು ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ.

ಆದ್ದರಿಂದ ಚಂದದ ಬಣ್ಣದ ಹುಳಿ ವಾಸನೆಯ ಅಸಿಟೇಟ್, ಗೀರು ಬಿದ್ದ ಪಾಲಿಯೆಸ್ಟರ್ ಎರಡೂ ಎದುರಿಗಿದ್ದರೆ ಕಣ್ಣು ಮುಚ್ಚಿ ಗೀರಿನದ್ದನ್ನೇ ಕೊಳ್ಳಿ. ಕೈಗೆ ಸಿಕ್ಕಿದ್ದು ಅಪರೂಪದ ಸಿನಿಮಾ ಆಗಿದ್ದರೆ ಮಾತ್ರ ಪ್ರೊಜೆಕ್ಟರಿಗೆ ಏರಿಸಬೇಡಿ, ಮೊದಲು ಪುಣೆಗೆ ಬರೆಯಿರಿ. ಪ್ರತಿ ಓಟದಲ್ಲೂ ರೀಲು ಸವೆಯುತ್ತದೆ. ಬೇರೆ ಪ್ರತಿ ಇಲ್ಲದ ಸಿನಿಮಾಕ್ಕೆ ಆ ಸವೆತ ದುಬಾರಿ.