ಓದಿದವರು ಹೇಳಿದ ಪುಸ್ತಕ

‘ಓದೋಕೆ ಒಳ್ಳೇ ಪುಸ್ತಕ ಯಾವುದಾದರೂ ಇದ್ದರೆ ಹೇಳಿ’ ಎಂದು ಯಾರಾದರೂ ಕೇಳಿದರೆ, ಓದಿನ ಹುಚ್ಚು ಹತ್ತಿದವರು ತಡಮಾಡದೆ ತಮಗೆ ಅತಿ ಹೆಚ್ಚು ಹಿಡಿಸಿದ ಪುಸ್ತಕದ ಹೆಸರು ಹೇಳಿಬಿಡುತ್ತಾರೆ. ಅದರಲ್ಲಿ ಪ್ರೀತಿಯಿದೆ, ಉದಾರತೆಯಿದೆ. ಆದರೆ ಕೇಳಿದವರು ಯಾರು, ಈವರೆಗೆ ಏನು ಓದಿದ್ದಾರೆ ಎಂಬ ವಿಚಾರ ಅಲ್ಲಿ ಬಂದೇ ಇರುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಇಬ್ಬರು ಮೆಚ್ಚಿದ್ದಾರೆಂದು ಇಟ್ಟುಕೊಳ್ಳಿ. ಒಬ್ಬರನ್ನು ಸೆಳೆದದ್ದು ಹಾರುವ ಓತಿಯ ಬೆನ್ನುಹತ್ತುವ ಕುತೂಹಲ, ಇನ್ನೊಬ್ಬರನ್ನು ಸೆಳೆದದ್ದು ಮಂದಣ್ಣನೆಂಬ ಮನುಷ್ಯ. ಮೊದಲಿನವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಬಹುದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ಹುಡುಕುತ್ತ ಕಾಡು ಸುತ್ತುವ ಸಸ್ಯಶಾಸ್ತ್ರಜ್ಞರ ಬರಹ ಅದು. ಎರಡನೆಯವರು ಶಿವರಾಮ ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯನನ್ನು ಕಾಣುವುದು ಮೇಲು. ಮೆಚ್ಚಿದ ಪುಸ್ತಕ ಒಂದೇ ಆದರೂ ಮುಂದಿನ ದಾರಿ ಎರಡು. ಹಾಗಾಗಿ ಪುಸ್ತಕ ಸೂಚಿಸುವುದೆಂದರೆ ಮೊದಲು ಎದುರಿಗಿರುವವರನ್ನು ಓದುವುದು ಎಂಬುದು ಈ ಬರಹದ ವಾದ.

ಗ್ರಂಥಾಲಯ ವಿಜ್ಞಾನದ ಹಿರಿಯರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಇದೇ ನೆಲೆಯವು: ಪ್ರತಿ ಓದುಗನಿಗೂ ಅವನದೊಂದು ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರದೊಬ್ಬ ಓದುಗನಿದ್ದಾನೆ. ಈ ಇಬ್ಬರನ್ನು ಕೂಡಿಸುವುದೇ ಕಷ್ಟದ ಕೆಲಸ. ಕಪಾಟು ತಾನಾಗಿ ಮಾತಾಡುವುದಿಲ್ಲ. ಬೆನ್ನು ಮಾತ್ರ ತೋರಿಸಿ ನಿಂತ ಪುಸ್ತಕಗಳ ನಡುವೆ ಹೊಸ ಓದುಗ ಕಂಗಾಲಾಗುತ್ತಾನೆ. ಅಲ್ಲಿಂದ ಒಂದನ್ನು ಎಳೆದು ‘ಇದನ್ನು ಓದಿ ನೋಡಿ’ ಎನ್ನುವ ಬಾಯಿ ಬೇಕು. ಕಾದಂಬರಿಕಾರ ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ಅಲೆದು ಮಾರಿದ ಕಾಲದಿಂದಲೂ ಕನ್ನಡ ಪುಸ್ತಕ ಹಬ್ಬಿದ್ದು ಹೆಚ್ಚಾಗಿ ಹೀಗೆ, ಬಾಯಿಂದ ಬಾಯಿಗೆ, ಕೈಯಿಂದ ಕೈಗೆ.

ಇದಕ್ಕೆಲ್ಲ ಇಷ್ಟು ತಲೆಕೆಡಿಸಿಕೊಳ್ಳಬೇಕೆ, ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿ ಇದೆಯಲ್ಲ ಎಂದು ಕೇಳಬಹುದು. ಹತ್ತು ಸಾವಿರ ಜನ ಕೊಂಡದ್ದು ಸುಮ್ಮನೆ ಇರುತ್ತದೆಯೇ? ಈ ನಂಬಿಕೆಯನ್ನು ಅಮೆರಿಕದ ಮೂವರು ಸಂಶೋಧಕರು ಹಾಡುಗಳನ್ನಿಟ್ಟುಕೊಂಡು ಪರೀಕ್ಷಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಯಾರಿಗೂ ಪರಿಚಯವಿಲ್ಲದ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಹಾಡುಗಳಷ್ಟೇ ಕಂಡವು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಬಹಳ ಎತ್ತರಕ್ಕೆ ಏರಿತು, ಸೋತದ್ದು ಇನ್ನೂ ಕೆಳಗಿಳಿಯಿತು. ಆದರೆ ಒಂದು ಗುಂಪಿನ ಮೆಚ್ಚಿನ ಹಾಡು ಇನ್ನೊಂದರಲ್ಲಿ ಮೂಲೆಗೆ ಬಿದ್ದಿತ್ತು. ತೀರಾ ಒಳ್ಳೆಯದು ಸೋತದ್ದು ಕಡಿಮೆ, ತೀರಾ ಕೆಟ್ಟದ್ದು ಗೆದ್ದದ್ದೂ ಕಡಿಮೆ. ನಡುವಿನವುಗಳ ಹಣೆಬರಹವನ್ನು ಮಾತ್ರ ಮೊದಲೇ ಹೇಳುವಂತಿರಲಿಲ್ಲ. ಪುಸ್ತಕ ಹಾಡಲ್ಲ, ನಿಜ. ಆದರೂ ಜನ ಮುಗಿಬಿದ್ದ ಕಡೆ ಇನ್ನಷ್ಟು ಜನ ಸೇರುವುದು ಪುಸ್ತಕದಂಗಡಿಯಲ್ಲೂ ಹೊಸದೇನಲ್ಲ. ಪುಸ್ತಕ ಎಷ್ಟು ಜನರ ಮನೆ ಸೇರಿದೆ ಎಂಬುದನ್ನು ಪಟ್ಟಿ ಹೇಳೀತು, ನಿಮಗೆ ಒಗ್ಗುತ್ತದೆಯೇ ಎಂಬುದನ್ನಲ್ಲ.

ಇನ್ನು ಪುಸ್ತಕ ಸೂಚಿಸುವ ಕಂಪ್ಯೂಟರಿನ ಮಾತು. ನಾವು ಕೊಂಡದ್ದು, ಹುಡುಕಿದ್ದು, ಎಷ್ಟನೇ ಪುಟಕ್ಕೆ ನಿಲ್ಲಿಸಿದೆವೆಂಬುದು ಕೂಡ ಅದಕ್ಕೆ ತಿಳಿದೀತು. ಲಕ್ಷಾಂತರ ಓದುಗರ ಲೆಕ್ಕವಿಡುವ ಅದರ ಶಕ್ತಿ ಯಾವ ಗೆಳೆಯನಿಗೂ ಇಲ್ಲ. ಆದರೆ ಕನ್ನಡ ಓದಿನ ದೊಡ್ಡ ಪಾಲು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ನಗದು ಕೊಟ್ಟು ಕೊಂಡದ್ದು, ಊರಿನ ಗ್ರಂಥಾಲಯದಿಂದ ತಂದದ್ದು, ಪಕ್ಕದ ಮನೆಯವರಿಂದ ಕಡ ಪಡೆದು ಇನ್ನೂ ಹಿಂತಿರುಗಿಸದೆ ಇರುವುದು ಯಾವ ಯಂತ್ರಕ್ಕೂ ಗೊತ್ತಾಗದು. ಗೊತ್ತಾದರೂ, ಪುಸ್ತಕವನ್ನು ಅರ್ಧಕ್ಕೆ ಬಿಟ್ಟದ್ದು ಬೇಸರಕ್ಕೋ, ಓದಲಾಗದಷ್ಟು ಸಂಕಟವಾದ್ದಕ್ಕೋ ಎಂಬುದು ಕೇಳಿದರೆ ಮಾತ್ರ ತಿಳಿಯುವ ಸಂಗತಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು. ಗೆಳೆಯರು ನಮ್ಮಂಥವರೇ ಆಗಿರುತ್ತಾರೆ. ಅವರು ಹೇಳಿದ್ದನ್ನೇ ಓದುತ್ತ ಹೋದರೆ ಗಾಣದ ಎತ್ತಿನಂತೆ ಅಲ್ಲೇ ಸುತ್ತುತ್ತೇವೆ. ಹೀಗಾಗುವ ಅಪಾಯ ಇದ್ದೇ ಇದೆ. ಆದರೆ ಸುತ್ತಿನಿಂದ ಆಚೆ ಕಾಲಿಡುವ ಧೈರ್ಯ ಬರುವುದೂ ನಂಬಿದವರ ಮಾತಿನಿಂದಲೇ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯನ್ನು ನೋಡಿ. ಚಂದಾದಾರರು ಮುಂಗಡ ಹಣ ಕಟ್ಟುತ್ತಿದ್ದರು, ಪುಸ್ತಕ ಆರಿಸುವ ಹೊಣೆ ಮಾಲೆಯದು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ, ಅಗ್ರಹಾರದ ಬದುಕನ್ನು ಅಲುಗಿಸಿದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಈ ಮಾಲೆಯಿಂದಲೇ ಹೊರಬಂದವು. ಆಗಿನ್ನೂ ಹೆಸರಾಗದ ಲೇಖಕರನ್ನು ಅಂಗಡಿಗೆ ಹೋಗಿ ತಾವಾಗಿಯೇ ಆರಿಸುವವರು ಎಷ್ಟು ಮಂದಿ ಇದ್ದಾರು? ಮಾಲೆಯವರು ಓದಿ ಒಪ್ಪಿದ್ದಾರೆಂಬ ಭರವಸೆ ಓದುಗರನ್ನು ಅವರ ಅಭಿರುಚಿಯ ಬೇಲಿ ದಾಟಿಸಿತು.

ದಾಕ್ಷಿಣ್ಯದ ಹೊಗಳಿಕೆ ಈ ಭರವಸೆಯನ್ನು ಕೆಡಿಸುತ್ತದೆ. ಬರೆದವರು ಪರಿಚಿತರು, ಬಿಡುಗಡೆಗೆ ಹೋಗಿ ಬಂದಾಗಿದೆ, ನಾಲ್ಕು ಒಳ್ಳೆಯ ಮಾತು ಆಡದಿದ್ದರೆ ಹೇಗೆ ಎಂಬ ಸಂಕೋಚ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಕಂಡುಹಿಡಿಯಲು ಒಂದು ಸುಲಭದ ಪರೀಕ್ಷೆಯಿದೆ: ಈ ಪುಸ್ತಕ ಯಾರಿಗೆ ಹಿಡಿಸದು ಎಂದು ಕೇಳಿ. ಓದಿ ಮೆಚ್ಚಿದವರು ತಟ್ಟನೆ ಉತ್ತರಿಸುತ್ತಾರೆ. ಮುಲಾಜಿಗೆ ಹೊಗಳಿದವರು ಎಲ್ಲರೂ ಓದಬೇಕಾದದ್ದು ಎನ್ನುತ್ತಾರೆ. ಪಡೆದವರಿಗೂ ಇಷ್ಟೇ ಪ್ರಾಮಾಣಿಕತೆ ಬೇಕು. ಹಿಡಿಸದ ಪುಸ್ತಕವನ್ನು ‘ಚೆನ್ನಾಗಿತ್ತು’ ಎಂದು ಮರಳಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಕರ್ವಾಲೊ’ ಮೆಚ್ಚಿದವರು ‘ಹಸುರು ಹೊನ್ನು’ವನ್ನು ಅರ್ಧಕ್ಕೆ ಬಿಟ್ಟೆವೆಂದು ಬಾಯಿಬಿಟ್ಟು ಹೇಳಿದರೆ, ಅವರನ್ನು ಹಿಡಿದಿಟ್ಟದ್ದು ಓತಿಯಲ್ಲ, ಮಂದಣ್ಣನೇ ಇರಬೇಕೆಂದು ಕೊಟ್ಟವರಿಗೆ ಹೊಳೆಯುತ್ತದೆ. ಗೋಪಾಲಯ್ಯನ ಮನೆಗೆ ದಾರಿ ತೋರಿಸಲು ಆಗಲೂ ತಡವಾಗಿರುವುದಿಲ್ಲ.